ವೇಣುಗ್ರಾಮದ ಸೇಂಟ್ ಮೇರಿ ಚರ್ಚು

ಬೆಳಗಾವಿಗೆ ಮೊದಲ ಸಲ ಬಂದ ಪ್ರವಾಸಿಗನು ಕೋಟೆಯನ್ನೂ ಅದರೊಳಗಿನ ಕಮಲ ಬಸದಿಯನ್ನೂ ನೋಡದೆ, ಪೇಟೆಯ ಮಿಠಾಯಿ ಅಂಗಡಿಯಲ್ಲಿ ಕುಂದಾದ ಪೊಟ್ಟಣವನ್ನು ಕಟ್ಟಿಸಿಕೊಳ್ಳದೆ ಊರಿಗೆ ಹಿಂತಿರುಗುವುದು ಅಪರೂಪ. ಆದರೆ ಕೋಟೆಯಿಂದ ನಡೆದು ಹೋಗುವಷ್ಟೇ ದೂರದಲ್ಲಿ ಇನ್ನೊಂದು ಬೆಳಗಾವಿಯಿದೆ. ಅದನ್ನು ಊರವರು ಕ್ಯಾಂಪ್ ಎಂದು ಕರೆಯುತ್ತಾರೆ. ಪೇಟೆಯ ಇಕ್ಕಟ್ಟಾದ ಗಲ್ಲಿಗಳಿಂದ ಹೊರಬಿದ್ದವನಿಗೆ ಅಲ್ಲಿ ರಸ್ತೆ ಒಮ್ಮೆಲೇ ಅಗಲವಾಗುತ್ತದೆ. ಮರಗಳ ನೆರಳು ದಟ್ಟವಾಗುತ್ತದೆ. ವಿಶಾಲವಾದ ಅಂಗಳಗಳ ನಡುವೆ ಹಳೆಯ ಹೆಂಚಿನ ಬಂಗಲೆಗಳು ಕಾಣಿಸಿಕೊಳ್ಳುತ್ತವೆ. ಈ ಮರಗಳ ಮರೆಯಲ್ಲಿ, ಮಳೆಗಾಲಗಳ ಹೊಡೆತವನ್ನು ತಾಳಿ ನಿಂತಿರುವ ಕಲ್ಲಿನ ಕಟ್ಟಡವೇ ಸೇಂಟ್ ಮೇರಿ ಚರ್ಚು.

ಇದು 1869ರಲ್ಲಿ ಆರಾಧನೆಗೆ ತೆರೆದ ಆಂಗ್ಲಿಕನ್ ದೇವಾಲಯ. ಚೂಪಾದ ಕಮಾನುಗಳು, ಬಣ್ಣದ ಗಾಜಿನ ಕಿಟಕಿಗಳು, ದಪ್ಪನಾದ ಕಲ್ಲಿನ ಗೋಡೆಗಳು: ಇವು ಅದರ ಮುಖಲಕ್ಷಣಗಳು. ನೋಡಿದವರು ಚೆಲುವಾಗಿದೆಯೆನ್ನುತ್ತಾರೆ, ಚಿತ್ರ ತೆಗೆಯುತ್ತಾರೆ, ಮುಂದೆ ಸಾಗುತ್ತಾರೆ. ಆದರೆ ಕಟ್ಟಡಗಳಿಗೂ ಒಂದು ಭಾಷೆಯುಂಟು. ಅದನ್ನು ಓದಬಲ್ಲವರಿಗೆ ಈ ಚರ್ಚು ತನ್ನ ಕಥೆಯ ಜೊತೆಗೆ ಬೆಳಗಾವಿಯ ಎರಡು ಶತಮಾನಗಳ ಕಥೆಯನ್ನೂ ಹೇಳುತ್ತದೆ. ಆಳುವವರ ಪ್ರಾರ್ಥನೆಗೆಂದು ಎದ್ದ ಗುಡಿಯೊಂದು, ಅವರು ಹೊರಟುಹೋದ ಮೇಲೆ ಯಾರದಾಗುತ್ತದೆ ಎಂಬ ಪ್ರಶ್ನೆಯೂ ಆ ಕಥೆಯಲ್ಲಿ ಅಡಗಿದೆ.

ದಂಡು ಬಂದ ದಾರಿ

ಬೆಳಗಾವಿಯ ಕೋಟೆಯು ರಟ್ಟರಿಂದ ಮೊದಲಾಗಿ ಹಲವು ದೊರೆಗಳನ್ನು ಕಂಡಿದೆ. ರಟ್ಟ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ಅವನ ಮಂತ್ರಿ ಬೀಚಿರಾಜನು ಅಲ್ಲಿ ಬಸದಿಯನ್ನು ಕಟ್ಟಿಸಿದನು. ಬಿಜಾಪುರದ ಆದಿಲಶಾಹಿಯ ಸರದಾರ ಅಸದ್ ಖಾನನು ಹದಿನಾರನೆಯ ಶತಮಾನದಲ್ಲಿ ಅದೇ ಕೋಟೆಯೊಳಗೆ ಸಫಾ ಮಸೀದಿಯನ್ನು ಎಬ್ಬಿಸಿದನು. ಕೊನೆಗೆ ಪೇಶ್ವೆಯ ಆಳಿಕೆ ಮುಗಿಯುವ ಹೊತ್ತಿಗೆ, 1818ರ ಏಪ್ರಿಲ್ ತಿಂಗಳಲ್ಲಿ, ಥಾಮಸ್ ಮನ್ರೋ ಕೋಟೆಗೆ ಮುತ್ತಿಗೆ ಹಾಕಿ ಅದನ್ನು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ತಂದನು.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಬೇಸಗೆಯಲ್ಲಿಯೂ ಸಂಜೆಯ ಗಾಳಿ ತಂಪು. ಪಶ್ಚಿಮಕ್ಕೆ ಇಳಿದರೆ ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವೆ, ಉತ್ತರಕ್ಕೆ ಕೊಲ್ಲಾಪುರ, ಸುತ್ತಲೂ ದೇಸಾಯಿಗಳ, ಸಂಸ್ಥಾನಿಕರ ಸೀಮೆ. ಹವೆಯೂ ಹಿತ, ಸೈನ್ಯವನ್ನಿಡಲು ಜಾಗವೂ ಪ್ರಶಸ್ತ. ಹೀಗಾಗಿ ಕೋಟೆಯ ಪಕ್ಕದಲ್ಲಿ ದಂಡಿನ ವಸತಿ ಬೆಳೆಯಿತು. 1824ರಲ್ಲಿ ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಬಿದ್ದಾಗ, 1830ರಲ್ಲಿ ಸಂಗೊಳ್ಳಿ ರಾಯಣ್ಣನು ಖಾನಾಪುರದ ಕಾಡುಗಳಲ್ಲಿ ಕಂಪನಿಗೆ ಸವಾಲೆಸೆದಾಗ, ಈ ದಂಡಿನ ಮಹತ್ವ ಇನ್ನೂ ಹೆಚ್ಚಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸುವುದು ಅವಶ್ಯ. ಬೆಳಗಾವಿಗೆ ಪ್ರಾಟೆಸ್ಟಂಟ್ ಕ್ರೈಸ್ತಮತ ಎರಡು ಬಾಗಿಲುಗಳಿಂದ ಪ್ರವೇಶಿಸಿತು. ಒಂದು ಪೇಟೆಯ ಕಡೆಯ ಬಾಗಿಲು. ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಎಂಬವರು 1820ರಲ್ಲಿ ಬಳ್ಳಾರಿಯಿಂದ ಇಲ್ಲಿಗೆ ಬಂದರು. ಬಳಿಕ ಅವರನ್ನು ಕೂಡಿಕೊಂಡ ವಿಲಿಯಂ ಬೆನನ್ನರು ಶಾಲೆ ನಡೆಸಿದರು. 1832ರಲ್ಲಿ ಆರಂಭವಾದ ಆ ಶಾಲೆಯೇ ಇಂದಿನ ಬೆನನ್-ಸ್ಮಿತ್ ಶಾಲೆಯ ಮೂಲ. ಈ ಮಿಶನರಿಗಳು ಊರ ಜನರ ಭಾಷೆಗಳನ್ನು ಕಲಿತು, ಊರ ಜನರೊಡನೆ ವಾದಿಸಿ, ಊರ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟರು.

ಇನ್ನೊಂದು ದಂಡಿನ ಕಡೆಯ ಬಾಗಿಲು. ಅಲ್ಲಿಯ ಪಾದ್ರಿಗಳು ಸರಕಾರದಿಂದ ಸಂಬಳ ಪಡೆಯುವ ಅಧಿಕಾರಿಗಳು. ಇಂಗ್ಲೆಂಡಿನ ರಾಜಮತವಾದ ಆಂಗ್ಲಿಕನ್ ಸಭೆಗೆ ಸೇರಿದ ಸೈನಿಕರ ಮದುವೆ, ಮಕ್ಕಳ ದೀಕ್ಷಾಸ್ನಾನ, ಉತ್ತರಕ್ರಿಯೆ ನಡೆಸುವುದು ಅವರ ಕೆಲಸ. ಆಗ ಬೆಳಗಾವಿ ಮುಂಬಯಿ ಇಲಾಖೆಗೆ ಸೇರಿತ್ತಾದ್ದರಿಂದ ಈ ಪಾದ್ರಿಗಳು 1837ರಿಂದ ಮುಂಬಯಿಯ ಬಿಷಪ್ಪರ ಆಡಳಿತಕ್ಕೆ ಒಳಪಟ್ಟವರಾದರು. ಪ್ರಾರ್ಥನೆ ಇಂಗ್ಲಿಷಿನಲ್ಲಿ. ಸೇಂಟ್ ಮೇರಿ ಚರ್ಚು ಹುಟ್ಟಿದ್ದು ಈ ಎರಡನೆಯ ಬಾಗಿಲಿನ ಒಳಗಡೆ.

ಅದರ ಕಾಲವನ್ನೂ ಮರೆಯುವಂತಿಲ್ಲ. 1857ರ ಮೇ 10ನೆಯ ದಿನ ಮೀರತ್ತಿನಲ್ಲಿ ಸಿಪಾಯಿಗಳು ಬಂಡೆದ್ದದ್ದು ಒಂದು ಭಾನುವಾರದ ಸಂಜೆ. ಅಂದಿನಿಂದ ಬ್ರಿಟಿಷ್ ಸೈನಿಕರು ಪ್ರಾರ್ಥನೆಗೂ ಬಂದೂಕು ಹಿಡಿದೇ ಹೋಗುವ ಪದ್ಧತಿ ಬಂದಿತು. ಹಲವು ದಂಡಿನ ಚರ್ಚುಗಳ ಬೆಂಚುಗಳಲ್ಲಿ ಬಂದೂಕು ಊರಿ ನಿಲ್ಲಿಸಲು ಕೊರೆದ ಕಚ್ಚುಗಳು ಈಗಲೂ ಇವೆ. ಮುಂಬಯಿಯ ಕೊಲಾಬಾದ ಆಫ್ಘನ್ ಚರ್ಚಿನಲ್ಲಿ ಅವನ್ನು ಕಾಣಬಹುದು. ಬೆಳಗಾವಿಯ ಸೀಮೆಯೂ ಆಗ ಶಾಂತವಾಗಿರಲಿಲ್ಲ. ನರಗುಂದದ ಬಾಬಾಸಾಹೇಬನನ್ನು ಇದೇ ಊರಿನಲ್ಲಿ 1858ರ ಜೂನ್ 12ರಂದು ಗಲ್ಲಿಗೇರಿಸಿದರು. ಆ ನೇಣಿಗೂ ಈ ಚರ್ಚಿನ ಮೊದಲ ಪ್ರಾರ್ಥನೆಗೂ ನಡುವಣ ಅಂತರ ಕೇವಲ ಹನ್ನೊಂದು ವರ್ಷ. ಕಮಾನಿನ ಕೆಳಗೆ ಮೊಣಕಾಲೂರಿದ ಸೈನಿಕನ ಎದೆಯಲ್ಲಿ ಭಕ್ತಿಯಂತೆ ಭಯವೂ ಇದ್ದಿರಬೇಕು. ಹೊರಗೆ ನಿಂತು ನೋಡಿದ ಊರವನ ಎದೆಯಲ್ಲಿ ಕುತೂಹಲದಂತೆ ಕಹಿಯೂ ಇದ್ದಿರಬೇಕು.

ಕಲ್ಲಿನ ಭಾಷೆ

ಇನ್ನು ಕಟ್ಟಡದ ಮಾತು. ಬ್ರಿಟಿಷರು ಭಾರತದಲ್ಲಿ ಮೊದಮೊದಲು ಕಟ್ಟಿದ ಚರ್ಚುಗಳು ಈ ಬಗೆಯವಾಗಿರಲಿಲ್ಲ. ಸಾಲುಗಂಬಗಳು, ತ್ರಿಕೋಣದ ಹಣೆ, ನಯವಾದ ಸುಣ್ಣದ ಗಾರೆ: ಅವು ಗ್ರೀಕ್ ಮತ್ತು ರೋಮನ್ ದೇಗುಲಗಳ ಸೋದರರಂತೆ ಕಾಣುತ್ತಿದ್ದವು. ಮದ್ರಾಸಿನ ಸೇಂಟ್ ಆಂಡ್ರೂಸ್ ಚರ್ಚು ಈ ಮಾದರಿಯದು. ಬೆಂಗಳೂರಿನ ಹಲಸೂರು ಬದಿಯ ಹೋಲಿ ಟ್ರಿನಿಟಿಯೂ ಇದೇ ಮನೆತನಕ್ಕೆ ಸೇರಿದ್ದು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ಅಭಿರುಚಿ ಬದಲಾಯಿತು. ಗ್ರೀಕ್ ಕಂಬಗಳು ಕ್ರೈಸ್ತ ಮೊದಲಿನ ಕಾಲದವು. ಕ್ರೈಸ್ತರಿಗೆ ತಕ್ಕದ್ದು ಮಧ್ಯಯುಗದ ಗಾಥಿಕ್ ಶೈಲಿಯೇ ಎಂದು ಪ್ಯೂಜಿನ್ ಮೊದಲಾದ ವಾಸ್ತುಶಿಲ್ಪಿಗಳು ವಾದಿಸಿದರು. ಕಟ್ಟಡದಲ್ಲಿ ಸುಳ್ಳಿರಬಾರದು, ಕಲ್ಲು ಕಲ್ಲಾಗಿಯೇ ಮರ ಮರವಾಗಿಯೇ ಕಾಣಬೇಕು ಎಂಬುದು ಅವರ ನಂಬಿಕೆ. ಆ ವಾದದ ಅಲೆ ಹಡಗು ಹತ್ತಿ ಭಾರತಕ್ಕೂ ಬಂದಿತು. 1858ರಲ್ಲಿ ಆಫ್ಘನ್ ಚರ್ಚು, 1869ರಲ್ಲಿ ಬೆಳಗಾವಿಯ ಸೇಂಟ್ ಮೇರಿ, 1870ರಲ್ಲಿ ಬೆಂಗಳೂರಿನ ಆಲ್ ಸೇಂಟ್ಸ್: ಇವು ಒಂದೇ ಗಾಳಿಗೆ ಅರಳಿದ ಹೂಗಳು.

ಗಾಥಿಕ್ ಶೈಲಿಯ ಜೀವಾಳ ಚೂಪು ಕಮಾನು. ಅರ್ಧವೃತ್ತದ ಕಮಾನಿನಲ್ಲಿ ಮೇಲಿನ ಭಾರ ಗೋಡೆಯನ್ನು ಹೊರಕ್ಕೆ ಹೆಚ್ಚಾಗಿ ತಳ್ಳುತ್ತದೆ. ಎರಡು ಬದಿಗಳು ಮೇಲೇರಿ ತುದಿಯಲ್ಲಿ ಕೂಡುವ ಚೂಪು ಕಮಾನಿನಲ್ಲಿ ಭಾರದ ಬಹುಪಾಲು ನೇರವಾಗಿ ಕೆಳಗಿಳಿಯುತ್ತದೆ. ಉಳಿದ ಒತ್ತಡವನ್ನು ಹೊರಗಿನಿಂದ ಗೋಡೆಗೆ ಆತುಕೊಟ್ಟ ಕಲ್ಲಿನ ಒತ್ತುಗಂಬಗಳು ತಡೆಯುತ್ತವೆ. ಆದುದರಿಂದ ಗೋಡೆಯಲ್ಲಿ ಎತ್ತರವಾದ ಕಿಟಕಿಗಳನ್ನು ತೆರೆಯಲು ಸಾಧ್ಯ. ಕಿಟಕಿ ದೊಡ್ಡದಾದಷ್ಟೂ ಬಣ್ಣದ ಗಾಜಿಗೆ ಎಡೆ ಹೆಚ್ಚು. ಭಕ್ತನ ದೃಷ್ಟಿ ನೆಲ ಬಿಟ್ಟು ಮೇಲಕ್ಕೇರಬೇಕೆಂಬ ಭಾವನೆಗೂ ಭಾರ ಹೊರುವ ಲೆಕ್ಕಾಚಾರಕ್ಕೂ ಇಲ್ಲಿ ಮದುವೆಯಾಗಿದೆ.

ಬೆಳಗಾವಿಯ ಹಳೆಯ ಹೆಸರು ವೇಣುಗ್ರಾಮ, ಎಂದರೆ ಬಿದಿರಿನ ಊರು. ಇದಿರುಬದಿರಾಗಿ ಬೆಳೆದ ಎರಡು ಬಿದಿರುಮೆಳೆಗಳು ದಾರಿಯ ಮೇಲೆ ಬಾಗಿ ತುದಿ ತಾಗಿಸಿದಾಗ ಮೂಡುವ ಆಕಾರ ಈ ಕಮಾನಿನದೇ. ಖಾನಾಪುರದ ಕಾಡುದಾರಿಯಲ್ಲಿ ನಡೆದ ಹಳ್ಳಿಗನಿಗೆ ಚರ್ಚಿನ ಒಳಗೆ ಮೊದಲ ಸಲ ಕಾಲಿಟ್ಟಾಗ ಅದು ತೀರ ಪರಕೀಯವೆನ್ನಿಸಿರಲಾರದು.

ಬಣ್ಣಗಳ ಪಂಚಾಂಗ

ಆಂಗ್ಲಿಕನ್ ಚರ್ಚಿನ ಗುರುತು ಅದರ ಕಲ್ಲಿನಲ್ಲಿ ಮಾತ್ರ ಇಲ್ಲ. ಸಂಪ್ರದಾಯದಂತೆ ಭಕ್ತರು ಪೂರ್ವಕ್ಕೆ, ಉದಯಸೂರ್ಯನ ದಿಕ್ಕಿಗೆ, ಮುಖಮಾಡಿ ಪ್ರಾರ್ಥಿಸುತ್ತಾರೆ. ಬಾಗಿಲ ಬಳಿ ದೀಕ್ಷಾಸ್ನಾನದ ಕಲ್ಲಿನ ತೊಟ್ಟಿ. ಎದುರಿನ ಕೊನೆಯಲ್ಲಿ ಬಲಿಪೀಠ. ಕ್ರೈಸ್ತನ ಬಾಳು ಆ ತೊಟ್ಟಿಯ ನೀರಿನಿಂದ ಹೊರಟು ಈ ಪೀಠದತ್ತ ನಡೆಯುವ ಯಾತ್ರೆ ಎಂಬುದು ಅದರ ಭಾವ. ನಮ್ಮ ಗುಡಿಗಳಲ್ಲಿ ಮುಖಮಂಟಪ, ನವರಂಗ, ಗರ್ಭಗುಡಿ ಎಂದು ಹಂತ ಹಂತವಾಗಿ ಒಳಸಾಗುವ ಕ್ರಮವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವರ್ಷದುದ್ದಕ್ಕೂ ಪೀಠದ ಹೊದಿಕೆಯ ಬಣ್ಣವೂ ಬದಲಾಗುತ್ತದೆ. ಕ್ರಿಸ್‌ಮಸ್ಸಿನ ಮುಂಚಿನ ಕಾಯುವ ವಾರಗಳಲ್ಲಿಯೂ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತದಲ್ಲಿಯೂ ನೇರಳೆ. ಹಬ್ಬಗಳಂದು ಬಿಳಿ ಅಥವಾ ಹೊನ್ನು. ಹುತಾತ್ಮರ ದಿನಗಳಲ್ಲಿ ಕೆಂಪು. ಉಳಿದ ಸಾಧಾರಣ ವಾರಗಳಲ್ಲಿ ಹಸುರು. ಅಕ್ಷರ ಬಾರದವನೂ ಬಟ್ಟೆಯ ಬಣ್ಣವನ್ನು ನೋಡಿ ಇದು ಯಾವ ಕಾಲವೆಂದು ಹೇಳಬಹುದು. ಮೇರಿಮಾತೆಗೆ ಚಿತ್ರಕಾರರು ಮೀಸಲಿಟ್ಟದ್ದು ನೀಲಿ ಬಣ್ಣ ಮತ್ತು ಬಿಳಿಯ ಲಿಲ್ಲಿ ಹೂ. ದೇವದೂತನು ಅವಳಿಗೆ ಶುಭವಾರ್ತೆ ತಂದ ನೆನಪಿನ ಹಬ್ಬ ಮಾರ್ಚ್ 25ಕ್ಕೆ ಬರುತ್ತದೆ. ಅಂದರೆ ಬೆಳಗಾವಿಯ ಮಾವಿನ ಮರಗಳಲ್ಲಿ ಮಿಡಿ ತೂಗುವ ಕಾಲಕ್ಕೆ.

ಬಣ್ಣದ ಗಾಜಿನ ಕಿಟಕಿಗೆ ಇನ್ನೊಂದು ಗುಣವಿದೆ. ಹೊರಗಿನಿಂದ ನೋಡಿದರೆ ಅದು ಮಂಕಾದ ಕಪ್ಪು ಹಲಗೆಯಂತೆ ತೋರುತ್ತದೆ. ಒಳಗೆ ನಿಂತವನಿಗೆ ಮಾತ್ರ ಬಿಸಿಲು ಅದರಲ್ಲಿ ಕೆಂಪಾಗಿ, ನೀಲಿಯಾಗಿ ಅರಳುತ್ತದೆ. ದಂಡಿನ ದಿನಗಳಲ್ಲಿ ಹಾದಿಯಲ್ಲಿ ನಿಂತು ಚರ್ಚನ್ನು ನೋಡುತ್ತಿದ್ದ ಊರವರಿಗೆ ಕಾಣುತ್ತಿದ್ದುದು ಆ ಮಂಕು ಹಲಗೆಯೇ. ಒಳಗಿನ ಬೆಳಕು ಅವರ ಪಾಲಿಗೆ ಬರಲು ಬಹಳ ಕಾಲ ಹಿಡಿಯಿತು.

ನೆನಪಿನ ಮೂರು ಬಗೆ

ದಂಡಿನ ಚರ್ಚುಗಳ ಗೋಡೆಗಳೆಂದರೆ ಸ್ಮಾರಕಫಲಕಗಳ ಗೋಡೆಗಳು. ಹಿತ್ತಾಳೆಯಲ್ಲಿ, ಅಮೃತಶಿಲೆಯಲ್ಲಿ ಕೊರೆದ ಹೆಸರು, ಪಲ್ಟಣ, ವಯಸ್ಸು, ತೀರಿಕೊಂಡ ದಿನ. ಭಾರತದ ಯಾವ ಕಂಟೋನ್ಮೆಂಟಿಗೆ ಹೋದರೂ ಈ ಫಲಕಗಳ ಒಕ್ಕಣೆ ಬಹುಮಟ್ಟಿಗೆ ಒಂದೇ. ಇವರಲ್ಲಿ ಯುದ್ಧದಲ್ಲಿ ಮಡಿದವರಿಗಿಂತ ಕಾಲರಾ ಮತ್ತು ಜ್ವರಗಳಿಗೆ ತುತ್ತಾದವರು ಹೆಚ್ಚು. ಇಪ್ಪತ್ತು ಇಪ್ಪತ್ತೈದರ ತರುಣರು, ಹೆರಿಗೆಯಲ್ಲಿ ತೀರಿದ ತಾಯಂದಿರು, ತಿಂಗಳು ತುಂಬದ ಕೂಸುಗಳು. ಆಳುವವರ ಕಣ್ಣೀರು ಆಳಿಸಿಕೊಂಡವರ ಕಣ್ಣೀರಿಗಿಂತ ಸಿಹಿಯಾಗಿರಲಿಲ್ಲ.

ಆದರೆ ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ, ಫಲಕದ ಮೇಲೆ ಹೆಸರು ಬರದೆ ಹೋದವರೂ ಇದ್ದರು. ಅವರ ನೆನಪು ಎಲ್ಲಿದೆಯೆಂದು ತಿಳಿಯಬೇಕಾದರೆ ಪ್ರವಾಸಿಗನು ಬೆಳಗಾವಿಯಿಂದ ದಕ್ಷಿಣಕ್ಕೆ ಹೊರಡಬೇಕು. ಸುಮಾರು 25 ಕಿಲೋಮೀಟರ್ ಸಾಗಿದರೆ ಮಲಪ್ರಭೆಯ ದಂಡೆಯ ಮೇಲೆ ಖಾನಾಪುರ. ಇದು ಇಟ್ಟಿಗೆ, ಹೆಂಚು, ಮಡಕೆಗಳಿಗೆ ಹೆಸರಾದ ಊರು. ಅಲ್ಲಿಂದ ಮುಂದೆ ಮಣ್ಣು ಕೆಂಪಾಗುತ್ತದೆ, ಕಾಡು ಹತ್ತಿರ ಬರುತ್ತದೆ. ಆ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಆಲದ ಮರಕ್ಕೆ ನೇಣು ಹಾಕಿದರು. ಅವನ ಸಮಾಧಿಯ ಮೇಲೆ ಆಪ್ತನೊಬ್ಬನು ನೆಟ್ಟ ಸಸಿ ಬೆಳೆದು ಹೆಮ್ಮರವಾಯಿತೆಂದು ಜನ ಹೇಳುತ್ತಾರೆ. ಹಿತ್ತಾಳೆಯ ಫಲಕ ಕೆತ್ತಿಸುವ ಶಕ್ತಿ ಆ ಜನಕ್ಕಿರಲಿಲ್ಲ. ಕೆತ್ತಿಸಿದ್ದರೆ ಸರಕಾರ ಉಳಿಯಗೊಡುತ್ತಲೂ ಇರಲಿಲ್ಲ. ಮರಕ್ಕೆ ಮಾತ್ರ ಯಾವ ಪರವಾನಗಿಯೂ ಬೇಕಾಗಲಿಲ್ಲ. ಮಕ್ಕಳಿಲ್ಲದವರು ಹರಕೆ ಹೊತ್ತು ಅಲ್ಲಿ ತೊಟ್ಟಿಲು ಕಟ್ಟುವರು.

ಅದೇ ತಾಲೂಕಿನಲ್ಲಿ ಇನ್ನೊಂದು ಊರು ಹಲಸಿ, ಕದಂಬರ ಕಾಲದ ಪಲಾಶಿಕಾ. ಐದನೆಯ ಶತಮಾನದ ಕದಂಬ ದೊರೆ ಮೃಗೇಶವರ್ಮನು ತೀರಿಹೋದ ತನ್ನ ತಂದೆಯ ಮೇಲಣ ಭಕ್ತಿಯಿಂದ ಇಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿದನೆಂದು ಹಲಸಿಯ ತಾಮ್ರಪಟ ಹೇಳುತ್ತದೆ. ಅಳಿದವರಿಗಾಗಿ ಉಳಿದವರು ದೇವರ ಮನೆಯನ್ನು ಕಟ್ಟುವುದು ಈ ನೆಲಕ್ಕೆ ಬ್ರಿಟಿಷರು ತಂದ ಹೊಸ ವಿಚಾರವಲ್ಲ. ಸೇಂಟ್ ಮೇರಿ ಚರ್ಚಿಗಿಂತ ಸುಮಾರು ಸಾವಿರದ ನಾನೂರು ವರ್ಷ ಮೊದಲೇ ಅದು ಇಲ್ಲಿ ನಡೆದಿತ್ತು.

ಕ್ಯಾಂಪಿನ ಗೋಡೆಯ ಮೇಲಿನ ಹಿತ್ತಾಳೆ, ನಂದಗಡದ ಆಲದ ಮರ, ಹಲಸಿಯ ತಾಮ್ರಪಟ: ಮೂರೂ ಒಂದೇ ಮಾತನ್ನು ಹೇಳುತ್ತವೆ. ಮನುಷ್ಯನು ತನ್ನವರನ್ನು ಮರೆಯಲೊಲ್ಲ. ಒಂದನ್ನು ನೋಡಿ ಉಳಿದೆರಡನ್ನು ನೋಡದವನು ಈ ಸೀಮೆಯ ಕಥೆಯಲ್ಲಿ ಮೂರನೆಯ ಒಂದು ಪಾಲನ್ನು ಮಾತ್ರ ಓದಿದಂತೆ.

ಹೆಸರು ಬದಲಾಯಿತು, ಕಮಾನು ಉಳಿಯಿತು

ಇಪ್ಪತ್ತನೆಯ ಶತಮಾನದಲ್ಲಿ ಕಾಲ ವೇಗವಾಗಿ ತಿರುಗಿತು. 1924ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಮಹಾಧಿವೇಶನ ಬೆಳಗಾವಿಯಲ್ಲಿ ಸೇರಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನವದು. ದಂಡಿನ ಊರಿನಲ್ಲಿಯೇ, ದಂಡಿಲ್ಲದೆ ರಾಜ್ಯವನ್ನು ಗೆಲ್ಲುವ ಮಾತು ಮೊಳಗಿತು. 1927ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ 1930ರ ಮಾರ್ಚ್ 1ರಿಂದ ಭಾರತದ ಆಂಗ್ಲಿಕನ್ ಸಭೆ ಇಂಗ್ಲೆಂಡಿನ ರಾಜಸಭೆಯಿಂದ ಬೇರೆಯಾಗಿ ತನ್ನ ಕಾಲ ಮೇಲೆ ನಿಂತಿತು. 1948ರ ಫೆಬ್ರುವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಮುಂಬಯಿಯಲ್ಲಿ ಹಡಗು ಹತ್ತಿತು.

ಆಂಗ್ಲಿಕನ್ ಎಂಬ ಹಣೆಪಟ್ಟಿಯೂ ಕ್ರಮೇಣ ಕಳಚಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣದಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್‌ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. 1970ರ ನವೆಂಬರ್ 29ರಂದು ಉತ್ತರದಲ್ಲಿಯೂ ಅಂಥದೇ ಐಕ್ಯ ನಡೆಯಿತು. ದಕ್ಷಿಣ ಭಾರತ ಸಭೆ ತನ್ನ ಲಾಂಛನಕ್ಕೆ ಆರಿಸಿಕೊಂಡದ್ದು ಶಿಲುಬೆ ಮತ್ತು ಕಮಲ. ಇಂಗ್ಲಿಷ್ ಬಿಷಪ್ಪರ ಮುದ್ರೆಗಳಲ್ಲಿ ಕಿರೀಟವೂ ಬೀಗದ ಕೈಗಳೂ ಇರುತ್ತಿದ್ದ ಎಡೆಯಲ್ಲಿ ಕೆಸರಿನಿಂದೆದ್ದು ಬಿಸಿಲಿಗೆ ಮುಖವೆತ್ತುವ ಈ ನಾಡಿನ ಹೂ ಬಂದಿತು.

ಬೆಳಗಾವಿಯವರಿಗೆ ಆ ಹೂವಿನಲ್ಲಿ ವಿಶೇಷವಾದ ಅರ್ಥ ಕಾಣದಿರದು. ಏಕೆಂದರೆ ಕೋಟೆಯೊಳಗಿನ ಬಸದಿಗೆ ಹೆಸರು ತಂದುಕೊಟ್ಟದ್ದೂ ಕಮಲವೇ. ಅದರ ಮಂಟಪದ ಭುವನೇಶ್ವರಿಯಲ್ಲಿ ಶಿಲ್ಪಿಯು ತಲೆಕೆಳಗಾಗಿ ತೂಗುವ ಕಲ್ಲಿನ ಕಮಲವನ್ನು ಕಡೆದಿದ್ದಾನೆ. ಅದಕ್ಕೆ 72 ದಳಗಳು. ಹಿಂದಿನ, ಇಂದಿನ, ಮುಂದಿನ ಕಾಲಗಳ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ತೀರ್ಥಂಕರರಿಗೆ ಒಂದೊಂದು. ಆ ಹೂವನ್ನು ಕಡೆಯಿಸಿದ ರಟ್ಟರ ರಾಜ್ಯ ಬಹಳ ಹಿಂದೆಯೇ ಅಳಿಯಿತು, ಹೂ ಬಾಡಲಿಲ್ಲ. ಆಮೇಲೆ ಆ ಕೋಟೆಯಲ್ಲಿ ಆಳಿದವರು, ಕಾವಲು ಕಾದವರು, ಮುತ್ತಿಗೆ ಹಾಕಿದವರು ಯಾರೂ ಬಸದಿಯನ್ನು ಕಟ್ಟಿದವರಲ್ಲ. ಆದರೂ ಇಂದು ಅದು ಬೆಳಗಾವಿಯದು. ಸಫಾ ಮಸೀದಿಯ ಮಾತೂ ಹಾಗೆಯೇ.

ಸೇಂಟ್ ಮೇರಿ ಚರ್ಚಿಗೂ ಈ ನ್ಯಾಯವೇ ಸಲ್ಲತಕ್ಕದ್ದು. ಅದನ್ನು ಕಟ್ಟಿಸಿದವರ ಆಳಿಕೆಯನ್ನು ಹೊಗಳಬೇಕಾಗಿಲ್ಲ. ನಂದಗಡದ ಮರವನ್ನು ಕಂಡವನು ಹೊಗಳಲಾರ. ಆದರೆ ಕಲ್ಲನ್ನು ದ್ವೇಷಿಸಬೇಕಾಗಿಯೂ ಇಲ್ಲ. ಕಲ್ಲಿಗೆ ಉಳಿಯೇಟು ಕೊಟ್ಟ ಕೈಗಳಿಗೂ, ಸುಣ್ಣ ಅರೆದು ಗಾರೆ ಹೊತ್ತ ಹೆಗಲುಗಳಿಗೂ ಫಲಕಗಳಲ್ಲಿ ಎಡೆ ಸಿಗುವುದು ಎಲ್ಲಿಯೂ ಅಪರೂಪ. ಅವರ ಪಾಲಿಗೆ ಆ ಗೋಡೆಯೇ ಸ್ಮಾರಕ.

ಬೆಳಗಾವಿಯ ಮಳೆ ಸಾಮಾನ್ಯವಾದುದಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಲ್ಲಿನ ಸಂದಿಗಳಲ್ಲಿ ಪಾಚಿ ಹಿಡಿಯುತ್ತದೆ. ಗಾರೆ ಸಡಿಲವಾದಲ್ಲಿ ಆಲದ ಬೀಜವೊಂದು ಬಿದ್ದರೆ ಸಾಕು, ಬೇರು ಇಳಿದು ಗೋಡೆಯನ್ನೇ ಸೀಳಬಲ್ಲದು. ಹಳೆಯ ಸುಣ್ಣದ ಗಾರೆ ಒಳಗಿನ ತೇವವನ್ನು ಹೊರಬಿಡುತ್ತದೆ. ಆತುರದಿಂದ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಕಲ್ಲು ಸಿಪ್ಪೆಯೇಳುತ್ತದೆ. ಬಣ್ಣದ ಗಾಜಿನ ತುಂಡುಗಳನ್ನು ಹಿಡಿದಿಟ್ಟ ಸೀಸದ ಪಟ್ಟಿ ವರ್ಷಗಳು ಕಳೆದಂತೆ ಸೋಲುತ್ತದೆ. ಕಟ್ಟುವುದು ಒಂದು ತಲೆಮಾರಿನ ಕೆಲಸ, ಕಾಯುವುದು ಎಲ್ಲ ತಲೆಮಾರುಗಳ ಕೆಲಸ. ನೂರೈವತ್ತಕ್ಕೂ ಹೆಚ್ಚಿನ ಮಳೆಗಾಲಗಳನ್ನು ಈ ಕಟ್ಟಡ ದಾಟಿದ್ದರೆ, ಅದರಲ್ಲಿ ಕಟ್ಟಿದವರ ಜಾಣ್ಮೆಯಷ್ಟೇ ಕಾದವರ ಶ್ರದ್ಧೆಯೂ ಇದೆ. 1948ರಿಂದೀಚೆಗಂತೂ ಆ ಕಾಯುವ ಭಾರ ಪೂರ್ತಿಯಾಗಿ ಇಲ್ಲಿಯವರದು. ಯಾವುದೇ ಮನೆ ಯಾರದೆಂದು ಕೇಳಿದರೆ, ಮಳೆಗೆ ಮುಂಚೆ ಅದರ ಹೆಂಚು ಹೊದಿಸುವವರದು ಎಂಬ ಉತ್ತರವೇ ಕೊನೆಗೆ ನಿಲ್ಲುತ್ತದೆ.

ಡಿಸೆಂಬರಿನ ಚಳಿಯಲ್ಲಿ ಕ್ಯಾಂಪಿನ ರಸ್ತೆಗಳಲ್ಲಿ ಸಂಜೆ ಬೇಗನೆ ಕವಿಯುತ್ತದೆ. ಕ್ರಿಸ್‌ಮಸ್ಸಿನ ಮುಂಚಿನ ದಿನಗಳಲ್ಲಿ ಚರ್ಚಿನೊಳಗೆ ದೀಪ ಹಚ್ಚಿದಾಗ ಒಂದು ವಿಚಿತ್ರ ನಡೆಯುತ್ತದೆ. ಹಗಲೆಲ್ಲ ಹೊರಗಿನವರಿಗೆ ಮಂಕಾಗಿ ಕಂಡ ಆ ಗಾಜಿನ ಕಿಟಕಿಗಳು ಈಗ ಒಳಗಿನ ಬೆಳಕಿನಿಂದ ಹೊರಗಿನವರಿಗಾಗಿ ಅರಳುತ್ತವೆ. ಪೇಟೆಯಿಂದ ಮನೆಗೆ ಹೊರಟವರು, ಸೈಕಲ್ಲಿನ ಮೇಲೆ ಹೋಗುವ ಹುಡುಗರು, ಮಗುವಿನ ಕೈಹಿಡಿದ ತಾಯಿ ಒಂದು ಕ್ಷಣ ನಿಂತು ಆ ಕೆಂಪನ್ನೂ ನೀಲಿಯನ್ನೂ ನೋಡುತ್ತಾರೆ. ಒಳಗೆ ಹೋಗದಿದ್ದರೂ ಆ ಹೊತ್ತಿನ ಬೆಳಕು ಅವರದೂ ಹೌದು.